ಸೀಸದ ಸಿಪಾಯಿಯ ಎರಡು ಬೆಲೆಗಳು

ಗುಜರಿ ಅಂಗಡಿಯವನಿಗೆ ಸೀಸವೆಂದರೆ ಸೀಸ. ಹಳೆಯ ಬ್ಯಾಟರಿಯೊಳಗಿನದಾಗಲಿ, ಮುರಿದ ಕೊಳವೆಯದಾಗಲಿ, ಯಾವುದೋ ಮಗು ಆಡಿ ಬಿಸಾಡಿದ ಬೊಂಬೆಯದಾಗಲಿ, ಅವನ ತಕ್ಕಡಿಗೆ ಎಲ್ಲವೂ ಒಂದೇ. ಕಿಲೋಗೆ ಇಷ್ಟು ಎಂದು ಲೆಕ್ಕ ಹಾಕಿ ಕೈಗೆ ಕಾಸು ಕೊಡುತ್ತಾನೆ. ಅದೇ ಸೀಸದ ಬೊಂಬೆ ಲಂಡನ್ನಿನ ಹರಾಜು ಮನೆಯೊಂದಕ್ಕೆ ಹೋದರೆ ಅದರ ತೂಕವನ್ನು ಯಾರೂ ಕೇಳುವುದಿಲ್ಲ. ಯಾವ ವರ್ಷದ್ದು, ಯಾರು ಎರಕ ಹೊಯ್ದದ್ದು, ಮೈಮೇಲಿನ ಬಣ್ಣ ಮೊದಲಿನದೇ, ಬಂದ ಪೆಟ್ಟಿಗೆ ಜೊತೆಗಿದೆಯೇ ಎಂದು ಕೇಳುತ್ತಾರೆ. ಒಂದೇ ವಸ್ತುವಿಗೆ ಹೀಗೆ ಎರಡು ಬೆಲೆಗಳು. ಇವುಗಳ ನಡುವಿನ ಅಂತರ ಹೇಗೆ ಹುಟ್ಟುತ್ತದೆ ಎಂಬುದು ನಾವು ಇಲ್ಲಿ ಎತ್ತಿಕೊಂಡಿರುವ ಪ್ರಶ್ನೆ.

ಜನರ ನಡುವೆ ಒಂದು ನಂಬಿಕೆಯಿದೆ. ಯಾವುದೇ ವಸ್ತುವಿನ ತಯಾರಿಕೆ ನಿಂತುಹೋದರೆ ಅದಕ್ಕೆ ತಾನಾಗಿಯೇ ಬೆಲೆ ಬರುತ್ತದೆ ಎಂಬುದು. ಈ ನಂಬಿಕೆ ಅತ್ಯಂತ ಗಟ್ಟಿಯಾಗಿರುವ ಜಾಗಗಳಲ್ಲಿ ಮಿನಿಯೇಚರ್ ಬೊಂಬೆಗಳ ಜಗತ್ತೂ ಒಂದು. ಮಿನಿಯೇಚರ್ ಎಂದೊಡನೆ ಓದುಗರು ಮೊಗಲರ ಕಾಲದ ಕಿರುಚಿತ್ರಗಳನ್ನು ನೆನೆಯಬಹುದು. ನಾವು ಹೇಳುತ್ತಿರುವುದು ಮೇಜಿನ ಮೇಲೆ ಯುದ್ಧದ ಆಟವನ್ನೋ, ಕಲ್ಪನೆಯ ರಾಜ್ಯಗಳ ಆಟವನ್ನೋ ಆಡಲು ಬಳಸುವ ಬೆರಳುದ್ದದ ಸಿಪಾಯಿ, ಕುದುರೆ, ಮಾಂತ್ರಿಕ, ರಾಕ್ಷಸರ ವಿಷಯ. ಯುರೋಪು ಮತ್ತು ಅಮೆರಿಕದಲ್ಲಿ ಇವುಗಳಿಗೆ ದೊಡ್ಡ ಮಾರುಕಟ್ಟೆಯಿದೆ. ಕಂಪನಿಯೊಂದು ಈ ಬೊಂಬೆಯನ್ನು ಇನ್ನು ಮುಂದೆ ಮಾಡುವುದಿಲ್ಲ ಎಂದು ಸಾರಿದ ಕೂಡಲೇ ಎರಡೆರಡು ಪೆಟ್ಟಿಗೆ ಕೊಳ್ಳುವವರಿದ್ದಾರೆ. ಒಂದು ಆಡಲು, ಇನ್ನೊಂದು ತೆರೆಯದೆ ಕಾದಿಡಲು. ಆ ಎರಡನೆಯ ಪೆಟ್ಟಿಗೆಯ ಮೇಲಿಟ್ಟ ಆಸೆ ಎಷ್ಟರ ಮಟ್ಟಿಗೆ ಸರಿ? ಈ ಬೊಂಬೆಗಳ ಚರಿತ್ರೆಯನ್ನು ತಿರುವಿ ನೋಡಿದರೆ ಉತ್ತರ ಸಿಗುತ್ತದೆ.

ಟೊಳ್ಳು ಸಿಪಾಯಿಯ ಕಾಲ

ಲೋಹದ ಆಟದ ಸಿಪಾಯಿಗಳನ್ನು ಮೊದಲು ದೊಡ್ಡ ಪ್ರಮಾಣದಲ್ಲಿ ಮಾಡಿ ಮಾರಿದವರು ಜರ್ಮನರು. ಹದಿನೆಂಟನೆಯ ಶತಮಾನದ ಕೊನೆಯ ಭಾಗದಲ್ಲಿ ನ್ಯೂರೆಂಬರ್ಗ್ ನಗರದ ತವರಕಾರರು ಹಾಳೆಯಂತೆ ಚಪ್ಪಟೆಯಾದ ತವರದ ಸಿಪಾಯಿಗಳನ್ನು ಎರಕ ಹೊಯ್ದು ಮಾರತೊಡಗಿದರು. 1839ರಲ್ಲಿ ಅದೇ ನಗರದಲ್ಲಿ ಆರಂಭವಾದ ಹೈನ್ರಿಕ್ಸನ್ ಮನೆತನದ ಕಾರ್ಖಾನೆ ಈ ಕಸುಬಿಗೆ ಹೆಸರು ತಂದಿತು. ಆಮೇಲೆ ಮೈಕೈ ತುಂಬಿದ, ಗಟ್ಟಿ ಸೀಸದ ಬೊಂಬೆಗಳು ಬಂದವು. ಅವು ಚೆಂದ, ಆದರೆ ಭಾರ. ಸೀಸ ಹೆಚ್ಚು ಹಿಡಿಯುವುದರಿಂದ ಬೆಲೆಯೂ ಹೆಚ್ಚು.

1893ರಲ್ಲಿ ಲಂಡನ್ನಿನ ವಿಲಿಯಂ ಬ್ರಿಟನ್ ಎಂಬ ಆಟಿಕೆ ತಯಾರಕರ ಮಗ ಒಂದು ಉಪಾಯ ಕಂಡುಕೊಂಡ. ಅಪ್ಪನ ಹೆಸರೇ ಅವನಿಗೂ ಇತ್ತು. ಕರಗಿದ ಸೀಸವನ್ನು ಲೋಹದ ಅಚ್ಚಿಗೆ ಹೊಯ್ದು, ಅಚ್ಚಿನ ಒಳಮೈಗೆ ತೆಳುವಾದ ಪದರ ಹೆಪ್ಪುಗಟ್ಟಿದ ಕೂಡಲೇ ಉಳಿದ ಸೀಸವನ್ನು ಹೊರಗೆ ಚೆಲ್ಲಿಬಿಡುವುದು. ಆಗ ಸಿಪಾಯಿ ಹೊರಗೆ ಪೂರ್ತಿ, ಒಳಗೆ ಟೊಳ್ಳು. ಲೋಹ ಉಳಿಯಿತು, ಸಾಗಾಣಿಕೆಯ ಖರ್ಚು ಇಳಿಯಿತು, ಜರ್ಮನರ ಗಟ್ಟಿ ಬೊಂಬೆಗಳಿಗಿಂತ ಅಗ್ಗವಾಗಿ ಮಾರಲು ಸಾಧ್ಯವಾಯಿತು. ಆಗಿನ ಆಟದ ರೈಲುಗಳ ಅಳತೆಗೆ ಹೊಂದುವಂತೆ ಬೊಂಬೆಯ ಎತ್ತರ 54 ಮಿಲಿಮೀಟರ್ ಎಂದು ನಿಗದಿಯಾಯಿತು. ಕೆಂಪು ಪೆಟ್ಟಿಗೆಯೊಂದರಲ್ಲಿ ಎಂಟು ಪದಾತಿಗಳು ಅಥವಾ ಐದು ಕುದುರೆಸವಾರರು. ಬೆಲೆ ಒಂದು ಶಿಲ್ಲಿಂಗ್. ಇಂಗ್ಲೆಂಡಿನ ಮಧ್ಯಮ ವರ್ಗದ ಹುಡುಗರ ಕೈಗೆ ಸೈನ್ಯಗಳು ಬಂದವು.

ಆ ಪೆಟ್ಟಿಗೆಗಳಲ್ಲಿ ಬ್ರಿಟಿಷ್ ಸಾಮ್ರಾಜ್ಯವೇ ತುಂಬಿತ್ತು. ಬಂಗಾಲ ಲ್ಯಾನ್ಸರ್ಸ್ ಕುದುರೆಸವಾರರಿದ್ದರು, ಮದ್ರಾಸಿನ ಪದಾತಿಗಳಿದ್ದರು, ಮುಂಬಯಿಯ ಪದಾತಿಗಳಿದ್ದರು. ಮುಂಡಾಸು ಕಟ್ಟಿದ ನಮ್ಮ ನೆಲದ ಸಿಪಾಯಿ ಲಂಡನ್ನಿನ ಮಗುವಿನ ಕೋಣೆಯಲ್ಲಿ ದೊರೆಯ ಪರವಾಗಿ ಕಾವಲು ನಿಂತಿದ್ದ. ಎದುರು ಪಾಳಯಕ್ಕೆಂದು ಜುಲು ಯೋಧರು, ಕುದುರೆಯೇರಿದ ಅರಬರು ಬೇರೆ ಪೆಟ್ಟಿಗೆಗಳಲ್ಲಿ ಸಿಗುತ್ತಿದ್ದರು. ಯಾರು ಗೆಲ್ಲಬೇಕು, ಯಾರು ಬೀಳಬೇಕು ಎಂಬುದನ್ನು ಆ ಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಇಂದು ಈ ಪೆಟ್ಟಿಗೆಗಳನ್ನು ಸಂಗ್ರಾಹಕರು ಹುಡುಕುವಾಗ ಅವರು ಕೊಳ್ಳುತ್ತಿರುವುದು ಸೀಸದ ಜೊತೆಗೆ ಮುಗಿದುಹೋದ ಒಂದು ಕಾಲದ ಮನಸ್ಸನ್ನೂ ಹೌದು.

1913ರಲ್ಲಿ ಕಾದಂಬರಿಕಾರ ಎಚ್.ಜಿ. ವೆಲ್ಸ್ 'ಲಿಟಲ್ ವಾರ್ಸ್' ಎಂಬ ಪುಸ್ತಕ ಬರೆದು ಈ ಬೊಂಬೆಗಳಿಂದ ಆಡುವ ಯುದ್ಧಕ್ಕೆ ನಿಯಮಗಳನ್ನು ಹಾಕಿಕೊಟ್ಟ. ಮರದ ಚಿಕ್ಕ ಗುಂಡುಗಳನ್ನು ಹಾರಿಸುವ ಸ್ಪ್ರಿಂಗಿನ ತೋಪುಗಳಿಂದ ಎದುರಾಳಿಯ ಸಿಪಾಯಿಗಳನ್ನು ಉರುಳಿಸುವುದು ಅದರಲ್ಲಿ ಮುಖ್ಯ. ನಿಜವಾದ ಯುದ್ಧಕ್ಕಿಂತ ಈ ಪುಟ್ಟ ಯುದ್ಧ ಎಷ್ಟೋ ಮೇಲು ಎಂಬುದು ವೆಲ್ಸನ ವಾದವಾಗಿತ್ತು. ಮರುವರ್ಷವೇ ನಿಜವಾದ ಮಹಾಯುದ್ಧ ಆರಂಭವಾಯಿತು.

ಇಲ್ಲಿ ಗಮನಿಸಬೇಕಾದ ಸಂಗತಿ, ಈ ಬೊಂಬೆಗಳಿಗೆ ಏಟು ಬೀಳುತ್ತಿತ್ತು ಎಂಬುದು. ಅವು ಅಂಗಳದ ಮಣ್ಣಿನಲ್ಲಿ ಹೂತುಹೋದವು. ತಲೆ ಕಳಚಿಕೊಂಡವು, ಕಳಚಿದ ತಲೆಯನ್ನು ಮಕ್ಕಳು ಬೆಂಕಿಕಡ್ಡಿ ಸಿಕ್ಕಿಸಿ ಮತ್ತೆ ಕೂರಿಸಿದರು. ಆ ಕಡ್ಡಿಯ ರಿಪೇರಿ ಇಂದಿಗೂ ಹಳೆಯ ಬೊಂಬೆಗಳ ಕತ್ತಿನಲ್ಲಿ ಕಾಣಸಿಗುತ್ತದೆ. ಪೆಟ್ಟಿಗೆಗಳನ್ನಂತೂ ಇಟ್ಟುಕೊಂಡವರೇ ಕಡಿಮೆ. ಬೊಂಬೆಗಾಗಿ ಕೊಂಡ ಪೆಟ್ಟಿಗೆಯನ್ನು ಯಾರು ಕಾಯುತ್ತಾರೆ? ಪ್ಲಾಸ್ಟಿಕ್ ಅಗ್ಗವಾಯಿತು, ಸೀಸ ಮಕ್ಕಳಿಗೆ ವಿಷ ಎಂಬ ತಿಳಿವಳಿಕೆ ಕಾನೂನಾಗತೊಡಗಿತು. 1966ರಲ್ಲಿ ಬ್ರಿಟನ್ಸ್ ಕಾರ್ಖಾನೆ ಟೊಳ್ಳು ಸೀಸದ ಸಿಪಾಯಿಗಳ ಎರಕವನ್ನು ನಿಲ್ಲಿಸಿತು. ಅಷ್ಟು ಹೊತ್ತಿಗೆ ಕೋಟಿಗಟ್ಟಲೆ ಬೊಂಬೆಗಳು ಹೊರಬಂದಿದ್ದರೂ ಮೊದಲಿನ ಬಣ್ಣ, ಮೊದಲಿನ ಪೆಟ್ಟಿಗೆ, ಒಳಗೆ ಕಟ್ಟಿದ ದಾರ ಎಲ್ಲವೂ ಇದ್ದಂತೆಯೇ ಉಳಿದವು ಸ್ವಲ್ಪವೇ. ಬೆಲೆ ಬಂದದ್ದು ಅವಕ್ಕೆ. ತಯಾರಿಕೆ ನಿಂತದ್ದು ಎಲ್ಲ ಸಿಪಾಯಿಗಳಿಗೂ ಅನ್ವಯಿಸಿತು. ಬೆಲೆ ಮಾತ್ರ ಮಕ್ಕಳ ಕೈಯಿಂದ ಪಾರಾದ ಕೆಲವಕ್ಕೆ ದಕ್ಕಿತು.

ಒಂದು ಪೊಟ್ಟಣದ ಕಥೆ

ಬ್ರಿಟನ್ಸ್ ಸಿಪಾಯಿಗಳು ನಿಂತ ಕೆಲವೇ ವರ್ಷಗಳಲ್ಲಿ ಈ ಆಟ ಬೇರೊಂದು ರೂಪ ತಾಳಿತು. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಚಿಕ್ಕ ಊರಿನ ಗ್ಯಾರಿ ಗೈಗ್ಯಾಕ್ಸ್ ಮತ್ತು ಅವನ ಸಂಗಡಿಗ ಡೇವ್ ಆರ್ನೆಸನ್ ಸೇರಿ 1974ರಲ್ಲಿ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಎಂಬ ಆಟವನ್ನು ಹೊರತಂದರು. ಸೈನ್ಯಗಳ ಬದಲು ಒಬ್ಬೊಬ್ಬ ಆಟಗಾರ ಒಬ್ಬೊಬ್ಬ ವೀರನನ್ನು ನಡೆಸುವ, ಗುಹೆಗಳಲ್ಲಿ ವಿಚಿತ್ರ ಪ್ರಾಣಿಗಳನ್ನು ಎದುರಿಸುವ ಆಟ ಅದು. ಆ ವಿಚಿತ್ರ ಪ್ರಾಣಿಗಳಿಗೆ ಬೊಂಬೆಗಳು ಬೇಕಲ್ಲ! ಗೈಗ್ಯಾಕ್ಸ್ ಅಗ್ಗದ ಸಾಮಾನಿನ ಅಂಗಡಿಯೊಂದರಿಂದ ಹಾಂಗ್‌ಕಾಂಗ್‌ನಲ್ಲಿ ತಯಾರಾದ ಪ್ಲಾಸ್ಟಿಕ್ ಪ್ರಾಣಿಗಳ ಪೊಟ್ಟಣವೊಂದನ್ನು ತಂದಿದ್ದ. ಇತಿಹಾಸಪೂರ್ವ ಪ್ರಾಣಿಗಳೆಂದು ಹೆಸರು, ಆದರೆ ಯಾವ ಪ್ರಾಣಿಶಾಸ್ತ್ರಕ್ಕೂ ಸೇರದ ರೂಪಗಳು. ಅವುಗಳಲ್ಲಿ ಒಂದನ್ನು ನೋಡಿ ಕಬ್ಬಿಣಕ್ಕೆ ತುಕ್ಕು ಹಿಡಿಸಿ ತಿನ್ನುವ ಪ್ರಾಣಿಯನ್ನು ಕಲ್ಪಿಸಿದ. ಇನ್ನೊಂದು ಗೂಬೆ ಮುಖದ ಕರಡಿಯಾಯಿತು. ಮತ್ತೊಂದು ನೆಲದೊಳಗೆ ಈಜುವ ಮೃಗವಾಯಿತು. ಈ ಮೂರೂ ಇಂದಿಗೂ ಆ ಆಟದ ಪುಸ್ತಕಗಳಲ್ಲಿ ಜೀವಂತವಾಗಿವೆ.

ಆ ಪೊಟ್ಟಣವನ್ನು ಮಾಡಿದ ಕೆಲಸಗಾರರಿಗೆ ಇದಾವುದೂ ಗೊತ್ತಿದ್ದಿರಲಾರದು. ಚಿಲ್ಲರೆ ಕಾಸಿಗೆ ಮಾರಿ, ಮಗು ಒಂದು ವಾರ ಆಡಿ, ಕಸಕ್ಕೆ ಹೋಗಬೇಕಾಗಿದ್ದ ವಸ್ತು ಅದು. ಇಂದು ಆ ಕಾಲದ ಆ ಬೊಂಬೆಗಳನ್ನೇ ಹುಡುಕಿ ಹಣ ಕೊಡುವ ಸಂಗ್ರಾಹಕರಿದ್ದಾರೆ. ಅದೇ ಪೊಟ್ಟಣದಲ್ಲಿದ್ದ, ಯಾವ ಕಥೆಗೂ ಸೇರದೆ ಹೋದ ಸಾಧಾರಣ ಡೈನೋಸಾರ್ ಬೊಂಬೆಯನ್ನು ಅಷ್ಟು ಹಂಬಲದಿಂದ ಯಾರೂ ಕೇಳುವುದಿಲ್ಲ. ಅದೇ ಪ್ಲಾಸ್ಟಿಕ್, ಅದೇ ಕಾರ್ಖಾನೆ, ತಯಾರಿಕೆ ನಿಂತದ್ದೂ ಒಟ್ಟಿಗೇ. ಒಂದಕ್ಕೆ ಕಥೆ ಸಿಕ್ಕಿತು, ಇನ್ನೊಂದಕ್ಕೆ ಸಿಗಲಿಲ್ಲ.

ಅಚ್ಚು ಉಳಿದಿರುವವರೆಗೆ

ಇತ್ತ ಇಂಗ್ಲೆಂಡಿನಲ್ಲಿ 1975ರಲ್ಲಿ ಆರಂಭವಾದ ಗೇಮ್ಸ್ ವರ್ಕ್‌ಶಾಪ್ ಎಂಬ ಕಂಪನಿ, ಅದರ ಜೊತೆಗೆ ಬೆಳೆದ ಸಿಟಡೆಲ್ ಎಂಬ ಬೊಂಬೆ ತಯಾರಿಕೆ, ಈ ವ್ಯಾಪಾರವನ್ನು ಬಹಳ ದೊಡ್ಡದು ಮಾಡಿದವು. 1983ರಲ್ಲಿ 'ವಾರ್‌ಹ್ಯಾಮರ್', 1987ರಲ್ಲಿ ಅದರ ಭವಿಷ್ಯಕಾಲದ ರೂಪವಾದ 'ವಾರ್‌ಹ್ಯಾಮರ್ 40,000' ಬಂದವು. ಪೆರ್ರಿ ಸೋದರರು, ಜೆಸ್ ಗುಡ್ವಿನ್ ಮುಂತಾದ ಶಿಲ್ಪಿಗಳು ಮೂಲ ಬೊಂಬೆಯನ್ನು ಕೈಯಿಂದ ತಿದ್ದುತ್ತಿದ್ದರು. ಆ ಮೂಲದಿಂದ ರಬ್ಬರಿನ ಅಚ್ಚು. ಅಚ್ಚನ್ನು ಗರಗರನೆ ತಿರುಗಿಸಿ ಕರಗಿದ ಲೋಹವನ್ನು ಅದರ ಮೂಲೆ ಮೂಲೆಗೆ ತಳ್ಳುವುದು. ರಬ್ಬರು ಸವೆದರೆ ಮೂಲದಿಂದ ಮತ್ತೊಂದು ಅಚ್ಚು ಮಾಡಿಕೊಳ್ಳಬಹುದು. 1993ರಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಇಂಥ ಬೊಂಬೆಗಳಲ್ಲಿ ಸೀಸ ಬಳಸುವುದನ್ನು ತಡೆಯುವ ಮಸೂದೆ ಬಂದಾಗ ತಯಾರಕರು ಒಬ್ಬೊಬ್ಬರಾಗಿ ಸೀಸವನ್ನು ಬಿಟ್ಟು ತವರದ ಮಿಶ್ರಲೋಹಕ್ಕೆ ಹೊರಳಿದರು. ಮುಂದೆ ಲೋಹವೂ ಹಿಂದೆ ಸರಿದು ಪ್ಲಾಸ್ಟಿಕ್ಕೇ ಮುಖ್ಯವಾಯಿತು.

ಎಂಬತ್ತರ ದಶಕದ ಸೀಸದ ಬೊಂಬೆಗಳನ್ನು ಇಂದು ಹುಡುಕುವವರು ಬಹಳ. ಬ್ರಿಟನ್ಸ್ ಸಿಪಾಯಿಯ ಸಂಗ್ರಾಹಕರಿಗೂ ಇವರಿಗೂ ಒಂದು ಮುಖ್ಯ ವ್ಯತ್ಯಾಸವಿದೆ. ಬ್ರಿಟನ್ಸ್ ಸಿಪಾಯಿಗೆ ಕಾರ್ಖಾನೆ ಬಳಿದ ಹಳೆಯ ಬಣ್ಣವೇ ಪ್ರಾಣ. ಯಾರಾದರೂ ಹೊಸದಾಗಿ ಬಣ್ಣ ಬಳಿದರೆ ಬೆಲೆ ಕುಸಿಯುತ್ತದೆ. ಸಿಟಡೆಲ್ ಬೊಂಬೆಗಳು ಬಣ್ಣವಿಲ್ಲದೆ ಮಾರಾಟವಾದಂಥವು. ಇಲ್ಲಿ ಬಣ್ಣ ಕಾಣದ ಲೋಹಕ್ಕೆ, ಬಿಚ್ಚದ ಪೊಟ್ಟಣಕ್ಕೆ ಹೆಚ್ಚು ಬೆಲೆ. ಬಣ್ಣ ಬಳಿದದ್ದು ಹೆಸರಾಂತ ಕೈಯಾಗಿದ್ದರೆ ಮಾತ್ರ ಮಾತು ಬೇರೆ.

ಆದರೆ ಇಲ್ಲೊಂದು ಅಪಾಯವಿದೆ. ತಯಾರಿಕೆ ನಿಂತಿತು ಎಂದರೆ ಅಚ್ಚು ಒಡೆಯಿತು ಎಂದು ಅರ್ಥವಲ್ಲ. 2015ರಲ್ಲಿ ಗೇಮ್ಸ್ ವರ್ಕ್‌ಶಾಪ್ ತನ್ನ ಹಳೆಯ ವಾರ್‌ಹ್ಯಾಮರ್ ಜಗತ್ತನ್ನೇ ಕಥೆಯಲ್ಲಿ ನಾಶಮಾಡಿ ಹೊಸ ಆಟ ಶುರುಮಾಡಿತು. ಪ್ರಾಚೀನ ಈಜಿಪ್ಟನ್ನು ನೆನಪಿಗೆ ತರುವ 'ಟೂಂಬ್ ಕಿಂಗ್ಸ್' ಎಂಬ ಅಸ್ಥಿಪಂಜರಗಳ ಸೈನ್ಯವೂ ಅದರ ಬೆನ್ನಲ್ಲೇ ಅಂಗಡಿಯಿಂದ ಮಾಯವಾಯಿತು. ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಅದರ ಬೆಲೆ ಏರಿತು. 2024ರ ಜನವರಿಯಲ್ಲಿ ಅದೇ ಕಂಪನಿ 'ದಿ ಓಲ್ಡ್ ವರ್ಲ್ಡ್' ಎಂಬ ಹೆಸರಿನಲ್ಲಿ ಹಳೆಯ ಜಗತ್ತನ್ನು ಮತ್ತೆ ತೆರೆಯಿತು. ಹಳೆಯ ಅಚ್ಚುಗಳಿಂದಲೇ ಆ ಅಸ್ಥಿಪಂಜರಗಳು ಹೊಸ ಪೆಟ್ಟಿಗೆಯಲ್ಲಿ ಎದ್ದು ಬಂದವು. ಇನ್ನು ಸಿಗಲಾರದು ಎಂದು ಹೆಚ್ಚು ಹಣ ಕೊಟ್ಟವರ ಕೈಯಲ್ಲಿದ್ದ ಬೊಂಬೆಯೇ ಅಂಗಡಿಯ ಬೆಲೆಗೆ ಎಲ್ಲರಿಗೂ ಸಿಗುವಂತಾಯಿತು. 1989ರ 'ಹೀರೋಕ್ವೆಸ್ಟ್' ಎಂಬ ಆಟದ ಕಥೆಯೂ ಹೆಚ್ಚುಕಡಿಮೆ ಇದೇ. ದಶಕಗಳ ಕಾಲ ಹಳೆಯ ಪೆಟ್ಟಿಗೆಗಾಗಿ ಪರದಾಡಿದ ಮೇಲೆ, 2020ರಲ್ಲಿ ಹ್ಯಾಸ್‌ಬ್ರೋ ಕಂಪನಿ ಮುಂಗಡ ಹಣ ಸೇರಿಸಿ ಹೊಸ ಬೊಂಬೆಗಳೊಂದಿಗೆ ಆ ಆಟವನ್ನು ಮರಳಿ ತಂದಿತು.

ಇದಕ್ಕೆ ತಿರುವುಮುರುವಾದ ಉದಾಹರಣೆಯೂ ಇದೆ. 2004ರಿಂದ 2010ರವರೆಗೆ ಬಂದು ನಿಂತುಹೋದ 'ಹೀರೋಸ್ಕೇಪ್' ಆಟದ ಬೊಂಬೆಗಳಿಗೆ ಒಳ್ಳೆಯ ಬೇಡಿಕೆಯಿತ್ತು. ಅದನ್ನು ಮತ್ತೆ ತರಲು 2022ರಲ್ಲಿ ಹ್ಯಾಸ್‌ಬ್ರೋ ಮುಂಗಡ ಕೇಳಿದಾಗ ಬೇಕಿದ್ದ 8,000 ಜನ ಸೇರಲಿಲ್ಲ, ಯೋಜನೆ ಬಿದ್ದುಹೋಯಿತು. ಬಳಿಕ ಇನ್ನೊಂದು ಕಂಪನಿ ಹಕ್ಕು ಪಡೆದು 2024ರಲ್ಲಿ ಅದನ್ನು ಹೊರತರಬೇಕಾಯಿತು. ಹಳೆಯ ಬೊಂಬೆಗೆ ಬೆಲೆ ಏರಿದೆ ಎಂದ ಮಾತ್ರಕ್ಕೆ ಅದನ್ನು ಬಯಸುವವರು ಲೆಕ್ಕವಿಲ್ಲದಷ್ಟಿದ್ದಾರೆ ಎಂದುಕೊಳ್ಳುವಂತಿಲ್ಲ. ಕೆಲವೇ ಜನ ಕೆಲವೇ ವಸ್ತುಗಳ ಹಿಂದೆ ಓಡುವಾಗಲೂ ಬೆಲೆ ಏರುತ್ತದೆ. ಅಂಥ ಬೆಲೆ ತೀರಾ ನಾಜೂಕಿನದು.

ಕಮ್‌ಯಾಬ್, ನಾಯಾಬ್

ಹಳೆಯ ಉರ್ದು ಪುಸ್ತಕಗಳ ಲೋಕದಲ್ಲಿ ಎರಡು ಮಾತುಗಳಿವೆ. ಕಮ್‌ಯಾಬ್ ಎಂದರೆ ಅಪರೂಪಕ್ಕೆ ಸಿಗುವಂಥದ್ದು. ನಾಯಾಬ್ ಎಂದರೆ ಸಿಗದೇ ಹೋಗಿರುವಂಥದ್ದು. ಎರಡೂ ಪದಗಳ ಬಾಲದಲ್ಲಿರುವ 'ಯಾಬ್' ಪಾರಸಿಯ 'ಯಾಫ್ತನ್' ಎಂಬ ಕ್ರಿಯಾಪದದಿಂದ ಬಂದದ್ದು. ಪಡೆಯುವುದು, ಕಂಡುಕೊಳ್ಳುವುದು ಎಂದು ಅದರ ಅರ್ಥ. ಅಂದರೆ ಪದದೊಳಗೇ ಹುಡುಕುವವನೊಬ್ಬ ಕೂತಿದ್ದಾನೆ. ಯಾರೂ ಹುಡುಕದ ಪುಸ್ತಕ ಲೋಕದಲ್ಲಿ ಒಂದೇ ಪ್ರತಿ ಉಳಿದಿದ್ದರೂ ಅದನ್ನು ನಾಯಾಬ್ ಎಂದು ಯಾರೂ ಕರೆಯುವುದಿಲ್ಲ, ಗೆದ್ದಲಿಗೆ ಬಿಡುತ್ತಾರೆ.

ಬೊಂಬೆಗಳಿಗೂ ಈ ಮಾತು ಸಲ್ಲುತ್ತದೆ. 2000ದಲ್ಲಿ ಅಮೆರಿಕದಲ್ಲಿ 'ಮೇಜ್ ನೈಟ್' ಎಂಬ ಆಟ ಬಂತು. ಬಣ್ಣ ಬಳಿದೇ ಸಿದ್ಧವಾಗಿರುವ ಪ್ಲಾಸ್ಟಿಕ್ ಬೊಂಬೆಗಳು. ಒಳಗೆ ಯಾವುದಿದೆ ಎಂದು ತಿಳಿಯದಂತೆ ಮುಚ್ಚಿದ ಪೆಟ್ಟಿಗೆಗಳು. ಅಪರೂಪದ ಬೊಂಬೆ ಸಿಗಲಿ ಎಂದು ಜನ ಪೆಟ್ಟಿಗೆಯ ಮೇಲೆ ಪೆಟ್ಟಿಗೆ ಕೊಂಡರು. ಆಟದ ಜನಪ್ರಿಯತೆ ಇಳಿದು ಆ ಬೊಂಬೆಗಳ ತಯಾರಿಕೆ ನಿಂತಿತು. ತಯಾರಿಕೆ ನಿಂತರೆ ಬೆಲೆ ಬರುವುದಾಗಿದ್ದರೆ ಇವಕ್ಕೆ ಬರಬೇಕಿತ್ತು. ಆದದ್ದು ಬೇರೆ. ಎಲ್ಲರೂ ಜೋಪಾನವಾಗಿ ಕಾದಿಟ್ಟಿದ್ದರು, ಆಡುವವರು ಮಾತ್ರ ಹೊರಟುಹೋಗಿದ್ದರು. ಅವುಗಳಲ್ಲಿ ಬಹುಪಾಲು ಬೊಂಬೆಗಳು ರಾಶಿ ರಾಶಿಯಾಗಿ ಅಗ್ಗಕ್ಕೆ ಬಿಕರಿಯಾದವು. ಅಲ್ಲಿಗೆ ಮತ್ತೆ ಗುಜರಿಯ ತಕ್ಕಡಿಯೇ ಬಂತು.

ಹುಡುಕುವವರು ಯಾರು ಎಂಬುದನ್ನೂ ನೋಡಬೇಕು. 1987ರಲ್ಲಿ ಹನ್ನೆರಡು ವರ್ಷದವನಾಗಿದ್ದ ಹುಡುಗನಿಗೆ ಇಂದು ಐವತ್ತು ದಾಟಿದೆ. ಆಗ ಅಂಗಡಿಯ ಗಾಜಿನಾಚೆ ಕಂಡು ಕೊಳ್ಳಲಾಗದ್ದನ್ನು ಈಗ ಕೊಳ್ಳುವ ಶಕ್ತಿ ಅವನಿಗಿದೆ. ಅವನು ಕೊಡುವ ಹಣದಲ್ಲಿ ಬಹುಪಾಲು ಆ ಗಾಜಿಗೆ ಒತ್ತಿದ ಮೂಗಿನ ನೆನಪಿಗೆ ಸಲ್ಲುತ್ತದೆ. ಆ ತಲೆಮಾರು ಹೋದ ಮೇಲೆ ಏನು? ಅಮೆರಿಕದ ಸಿರಿವಂತ ಪ್ರಕಾಶಕ ಮಾಲ್ಕಂ ಫೋರ್ಬ್ಸ್ ಮೊರಾಕ್ಕೊದ ತಾಂಜಿಯರ್‌ನಲ್ಲಿ ಅರಮನೆಯೊಂದನ್ನು ಕೊಂಡು ಅಲ್ಲಿ ಲಕ್ಷಕ್ಕೂ ಮೀರಿದ ಆಟದ ಸಿಪಾಯಿಗಳ ವಸ್ತುಸಂಗ್ರಹಾಲಯ ಮಾಡಿದ್ದ. 1578ರಲ್ಲಿ ಮೊರಾಕ್ಕೊದ ನೆಲದಲ್ಲಿ ಪೋರ್ಚುಗಲ್ಲಿನ ದೊರೆ ಮತ್ತು ಇಬ್ಬರು ಸುಲ್ತಾನರು ಪ್ರಾಣ ಬಿಟ್ಟ 'ಮೂವರು ರಾಜರ ಯುದ್ಧ'ವನ್ನು ಅಲ್ಲಿ ಬೊಂಬೆಗಳಲ್ಲಿ ಕಟ್ಟಿ ನಿಲ್ಲಿಸಲಾಗಿತ್ತು. 1990ರಲ್ಲಿ ಫೋರ್ಬ್ಸ್ ತೀರಿಕೊಂಡ. ಆ ದಶಕದಲ್ಲೇ ಸಂಗ್ರಹಾಲಯ ಮುಚ್ಚಿ, ಸೈನ್ಯಗಳು ಹರಾಜಿನಲ್ಲಿ ಚದುರಿಹೋದವು. ಒಬ್ಬನ ಪ್ರೀತಿ ಕಲೆಹಾಕಿದ್ದನ್ನು ವಾರಸುದಾರರೂ ಅದೇ ಪ್ರೀತಿಯಿಂದ ಕಾಯಬೇಕೆಂಬ ನಿಯಮವೇನೂ ಇಲ್ಲ.

ಕಾದಿಟ್ಟದ್ದಕ್ಕೆ ಶತ್ರುಗಳೂ ಇದ್ದಾರೆ. ಸೀಸದ ಬೊಂಬೆಯನ್ನು ಓಕ್ ಮರದ ಕಪಾಟಿನಲ್ಲಿಟ್ಟರೆ ಆ ಮರದಿಂದ ಹೊಮ್ಮುವ ಆಮ್ಲದ ಆವಿ ಸೀಸವನ್ನು ತಿಂದು ಬಿಳಿಯ ಪುಡಿಯಾಗಿಸುತ್ತದೆ. ಚೆಂದವಾಗಿ ಕಾಣಲೆಂದು ಮಾಡಿಸಿದ ಕಪಾಟೇ ಬೊಂಬೆಗೆ ಕಂಟಕ. ಇನ್ನು ಹಳೆಯ ಬೊಂಬೆಯಿಂದಲೇ ಅಚ್ಚು ತೆಗೆದು ನಕಲು ಹೊಯ್ದು ಅಸಲಿಯೆಂದು ಮಾರುವವರಿದ್ದಾರೆ. ಮೂರು ಆಯಾಮದ ಮುದ್ರಣ ಯಂತ್ರಗಳು ಮನೆಗೇ ಬಂದ ಮೇಲೆ ಆಡಲಿಕ್ಕಷ್ಟೇ ಬೊಂಬೆ ಬೇಕೆನ್ನುವವನು ಹರಾಜಿಗೆ ಹೋಗುವ ಅಗತ್ಯವೂ ಉಳಿದಿಲ್ಲ.

ಐದು ಪೌಂಡಿನ ಸಿಪಾಯಿ

ಹಾಗಾದರೆ ನಿಜವಾಗಿ ಬೆಲೆ ಬಂದ ಆಟದ ಬೊಂಬೆ ಹೇಗಿರುತ್ತದೆ? ನಮ್ಮ ನೆಲದ ಚತುರಂಗ ಇರಾನಿನಲ್ಲಿ ಶತ್ರಂಜ್ ಆಗಿ, ಅರಬರ ಕೈದಾಟಿ ಯುರೋಪನ್ನು ತಲುಪಿದ್ದು ಓದುಗರಿಗೆ ತಿಳಿದದ್ದೇ. 1831ರಲ್ಲಿ ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದ ಮರಳಿನಲ್ಲಿ ಹನ್ನೆರಡನೆಯ ಶತಮಾನದ ಚದುರಂಗದ ಕಾಯಿಗಳು ಸಿಕ್ಕವು. ವಾಲ್ರಸ್ ಎಂಬ ಕಡಲಪ್ರಾಣಿಯ ದಂತದಲ್ಲಿ, ಬಹುಶಃ ನಾರ್ವೆಯಲ್ಲಿ ಕೆತ್ತಿದಂಥವು. ಅರಬರ 'ರುಖ್' ಇಲ್ಲಿ ಗುರಾಣಿ ಹಿಡಿದ ಕಾವಲು ಸಿಪಾಯಿಯಾಗಿದ್ದಾನೆ. ಸಿಕ್ಕ 93 ವಸ್ತುಗಳಲ್ಲಿ 82 ಬ್ರಿಟಿಷ್ ಮ್ಯೂಸಿಯಂನಲ್ಲಿವೆ, 11 ಎಡಿನ್‌ಬರೋದಲ್ಲಿವೆ. ನಾಲ್ಕು ಜೊತೆ ಕಾಯಿಗಳೆಂದು ಲೆಕ್ಕ ಹಿಡಿದರೆ ದೊಡ್ಡ ಕಾಯಿಗಳಲ್ಲಿ ಒಂದು ಕುದುರೆ ಮತ್ತು ನಾಲ್ಕು ಕಾವಲು ಸಿಪಾಯಿಗಳು ಕಡಿಮೆ ಬೀಳುತ್ತಿದ್ದವು.

1964ರಲ್ಲಿ ಎಡಿನ್‌ಬರೋದ ಹಳೆಯ ವಸ್ತುಗಳ ವ್ಯಾಪಾರಿಯೊಬ್ಬರು ದಂತದ ಚದುರಂಗದ ಕಾಯಿಯೊಂದನ್ನು ಐದು ಪೌಂಡಿಗೆ ಕೊಂಡು ಲೆಕ್ಕದ ಪುಸ್ತಕದಲ್ಲಿ ಬರೆದಿಟ್ಟರು. ಅದು ಏನೆಂದು ಅವರಿಗೂ ತಿಳಿಯಲಿಲ್ಲ, ಅವರ ನಂತರ ಮನೆಯವರಿಗೂ ತಿಳಿಯಲಿಲ್ಲ. ಸಿಪಾಯಿ ವರ್ಷಗಟ್ಟಲೆ ಡ್ರಾಯರಿನಲ್ಲಿ ಮಲಗಿದ್ದ. ಕಾಣೆಯಾದ ನಾಲ್ವರಲ್ಲಿ ಇವನೊಬ್ಬ ಎಂದು ತಜ್ಞರು ಗುರುತಿಸಿದ ಮೇಲೆ 2019ರ ಜುಲೈ 2ರಂದು ಲಂಡನ್ನಿನ ಸದಬೀಸ್ ಹರಾಜಿನಲ್ಲಿ 7,35,000 ಪೌಂಡಿಗೆ ಮಾರಾಟವಾದ.

ಆ ಡ್ರಾಯರಿನಲ್ಲಿದ್ದಷ್ಟು ಕಾಲವೂ ಅವನು ಅಷ್ಟೇ ಹಳಬ, ಅಷ್ಟೇ ಅಪರೂಪದವನು. ಆದರೂ ಅವನ ಬೆಲೆ ಐದು ಪೌಂಡ್. ಬೆಲೆ ಬದಲಾದದ್ದು ಅವನ ಸಂಗಡಿಗರು ಯಾರೆಂದು ತಿಳಿದ ದಿನ. ನಮಗೆ ಕಾಣುವಂತೆ ಇಡೀ ಪ್ರಶ್ನೆಗೆ ಉತ್ತರ ಇಲ್ಲಿದೆ. ತಯಾರಿಕೆ ನಿಲ್ಲುವುದು ಒಂದು ಷರತ್ತು ಮಾತ್ರ. ಅದರ ಜೊತೆಗೆ ಮಿಕ್ಕವು ಕಳೆದುಹೋಗಿರಬೇಕು, ಅಚ್ಚು ಮತ್ತೆ ತೆರೆಯಬಾರದು, ವಸ್ತುವಿಗೊಂದು ಕಥೆ ಇರಬೇಕು, ಆ ಕಥೆ ಬಲ್ಲವರು ಬದುಕಿರಬೇಕು. ಇವುಗಳಲ್ಲಿ ಒಂದೂ ಕೊಳ್ಳುವವನ ಕೈಯಲ್ಲಿಲ್ಲ. ಎಲ್ಲರೂ ತೆರೆಯದೆ ಕಾದಿಟ್ಟ ಪೆಟ್ಟಿಗೆ ಎಲ್ಲರ ಮನೆಯಲ್ಲೂ ಇರುತ್ತದೆ. ಅದನ್ನು ಅಪರೂಪ ಎನ್ನಲಾಗದು. ಇಂದು ಬೆಲೆಬಾಳುವ ಹಳೆಯ ಬೊಂಬೆಗಳ ಹಿಂದೆ ಆಡಿ, ಮುರಿದು, ಕಳೆದುಹಾಕಿದ ಲಕ್ಷಾಂತರ ಮಕ್ಕಳಿದ್ದಾರೆ. ಮುಂದೊಂದು ದಿನ ಲಾಭ ತರಲಿ ಎಂದು ಮಗುವಿನ ಕೈಗೆ ಕೊಡದೆ ಬೀರುವಿನಲ್ಲಿಟ್ಟ ಪೆಟ್ಟಿಗೆಗೆ ಅಂಥ ಹಿನ್ನೆಲೆ ಹುಟ್ಟುವುದೇ ಇಲ್ಲ.

ಹಾಗಾಗಿ ಮನೆಯಲ್ಲಿ ಅಂಥದ್ದೊಂದು ಪೆಟ್ಟಿಗೆ ಇದ್ದವರಿಗೆ ನಾವು ಹೇಳುವುದು ಇಷ್ಟೇ. ಅದನ್ನು ತೆರೆಯಿರಿ, ಮಕ್ಕಳ ಜೊತೆ ಕೂತು ಆಡಿ. ಯಾವ ವರ್ಷ, ಎಲ್ಲಿ, ಯಾರಿಂದ ಕೊಂಡದ್ದು ಎಂದು ಒಂದು ಚೀಟಿಯಲ್ಲಿ ಬರೆದು ಒಳಗಿಡಿ. ಲೂಯಿಸ್ ದ್ವೀಪದ ಒಂದು ಕುದುರೆ, ಮೂವರು ಸಿಪಾಯಿಗಳು ಇನ್ನೂ ಪತ್ತೆಯಾಗಿಲ್ಲ. ಅವು ಯಾವ ಡ್ರಾಯರಿನಲ್ಲಿದ್ದರೂ ಜೊತೆಗೆ ಅಂಥದೊಂದು ಚೀಟಿ ಇಲ್ಲವೆಂಬುದಂತೂ ನಿಶ್ಚಯ.